ರಾಣಿಯ ಎಡಗೈ ಉಂಗುರ

ರಾಣಿ ಸತ್ತಿಲ್ಲ ಎಂದು ಗೂಳಪ್ಪ ನನಗೆ ಹೇಳಿದ್ದು ಜಮಖಂಡಿಯ ಆಸ್ಪತ್ರೆಯಲ್ಲಿ, ರಕ್ತ ತೊಳೆಯುವ ಯಂತ್ರಕ್ಕೆ ಅವನ ಕೈ ಕಟ್ಟಿದ ಮೊದಲ ಸೋಮವಾರ. ಯಾವ ರಾಣಿ ಎಂದೆ. ಮೊಬೈಲು ತೋರಿಸಿದ. ಪರದೇಶದ ಕಥೆ, ಕನ್ನಡದಲ್ಲಿ ಮಾತಾಡಿಸಿದ್ದರು. ಉಪ್ಪಿನ ಕೋಟೆ, ಮಾತಾಡುವ ಹದ್ದು, ಸಿಂಹಾಸನಕ್ಕೆ ಅಣ್ಣತಮ್ಮಂದಿರ ಜಗಳ. ಆರು ವರ್ಷದಿಂದ ಕಂತುಕಂತಾಗಿ ಬರುತ್ತಿತ್ತಂತೆ. ಮುಂದೆ ಏನಾಗುತ್ತದೆಂದು ನೋಡುವವರೇ ಊಹಿಸಿ, ಕಾರಣ ಕೊಟ್ಟು, ಮೊಬೈಲಿನ ಗುಂಪಿಗೆ ಹಾಕುತ್ತಾರೆ. ಅದಕ್ಕೆ ಥಿಯರಿ ಎನ್ನುತ್ತಾರೆ. ಗೂಳಪ್ಪ ಮೂವತ್ತು ಥಿಯರಿ ಹಾಕಿದ್ದ. ಒಂದೂ ನಿಜವಾಗಿರಲಿಲ್ಲ.

ಬನಹಟ್ಟಿಯಲ್ಲಿ ನಮಗೂ ಅವನಿಗೂ ನಡುವೆ ಒಂದೇ ಗೋಡೆ. ಸೀರೆಯ ಅಂಚಿನಲ್ಲಿ ಹೂವು ಮೂಡಲು ಮಗ್ಗದ ಮೇಲೆ ರಟ್ಟಿನ ಸರ ತೂಗುಬಿಟ್ಟಿರುತ್ತಾರೆ. ಆ ರಟ್ಟಿಗೆ ತೂತು ಹೊಡೆಯುವುದು ಅವನ ಕೆಲಸ. ಕಲಿಸಿದವರು ನನ್ನ ಯಜಮಾನರು. ಅವರು ತೀರಿಕೊಂಡ ಮೇಲೂ ಹಬ್ಬಕ್ಕೆ ಮೊದಲ ಹೋಳಿಗೆ ಗೂಳಪ್ಪನ ಮನೆಯಿಂದಲೇ ಬರುತ್ತಿತ್ತು. ಅವನ ಹೆಂಡತಿ ದಾನೇಶ್ವರಿ ವಾರಕ್ಕೆರಡು ದಿನ ಮಗ್ಗ ನಿಲ್ಲಿಸುವಂತಿರಲಿಲ್ಲ. ನಾನು ನೂಲು ಸುತ್ತುವ ಮುದುಕಿ, ಜೊತೆಗೆ ಬಸ್ಸು ಹತ್ತಿದೆ. ಹಾಗೇ ಎರಡು ವರ್ಷ ಹತ್ತಿದೆ.

ಒಮ್ಮೆ ಮಲಗಿದರೆ ನಾಲ್ಕು ತಾಸು. ಅಷ್ಟು ಹೊತ್ತೂ, ನನಗಾಗಿ ಮೊದಲ ಕಂತಿನಿಂದ ಹಿಡಿದು, ಕಥೆ ನೋಡುತ್ತಿದ್ದೆವು. ನನಗೆ ಎರಡನೆಯ ಇಯತ್ತೆಯ ಓದು. ಆದರೆ ಕಣ್ಣಿಗೆ ಬಿದ್ದದ್ದು ಮರೆಯುವುದಿಲ್ಲ, ಮದುವೆಗೆ ಬಂದವರು ಉಟ್ಟ ಸೀರೆ ಕೂಡ. ರಾಣಿಯನ್ನು ಮುಖ ಮುಚ್ಚಿ ಚಿತೆಯ ಮೇಲೆ ಮಲಗಿಸಿದ ಹಳೆಯ ಕಂತು ನನಗೆ ತೋರಿಸಿದ ದಿನ ನಾನೇ ಬಾಯಿ ಬಿಟ್ಟೆ.

"ಉಂಗುರ ಬಲಗೈಯಾಗ ಐತಲ್ಲೋ. ಇಷ್ಟು ದಿನ ಎಡಗೈಯಾಗ ಇತ್ತು."

ಗೂಳಪ್ಪ ಎದ್ದು ಕೂರಲು ಹೋಗಿ ನರ್ಸಿನಿಂದ ಬೈಸಿಕೊಂಡ. ಹಿಂದಿನ ಕಂತುಗಳನ್ನೆಲ್ಲ ತಿರುಗಿ ನೋಡಿದ. ನಾನು ಹೇಳಿದ್ದು ಸರಿಯಾಗಿತ್ತು. ನಮ್ಮಲ್ಲಾದರೆ ಹೆಣವನ್ನು ಕೂಡಿಸಿ ಮಣ್ಣು ಕೊಡುತ್ತಾರೆ, ಮುಖ ಊರಿಗೆಲ್ಲ ಕಾಣುತ್ತದೆ. ಮುಖ ಮುಚ್ಚಿ ಸುಟ್ಟವಳು ರಾಣಿಯೇ ಎಂದು ಯಾರು ಹೇಳಬೇಕು? ಮಗ್ಗದಲ್ಲಿ ಎಷ್ಟೋ ಸೀರೆಗಳನ್ನು ಒಳಮೈ ಮೇಲೆ ಮಾಡಿ ನೇಯುತ್ತಾರೆ. ನೇಯುವವನಿಗೆ ಕಾಣುವುದು ಬರೀ ಗಂಟು, ಇಳಿಬಿದ್ದ ನೂಲು. ಹೊರಳಿಸಿದಾಗ ಎಡದ್ದು ಬಲಕ್ಕೆ ಬಂದು ಹೂವು ಕಾಣುತ್ತದೆ. ಈ ಕಥೆಯೂ ಹಾಗೇ, ಕೊನೆಯ ಕಂತಿನಲ್ಲಿ ಹೊರಳಿಸುತ್ತಾರೆ, ರಾಣಿ ಎಡಗೈಯಲ್ಲಿ ಉಂಗುರ ತೊಟ್ಟು ಬರುತ್ತಾಳೆ ಎಂದು ಗುಂಪಿಗೆ ಹಾಕಿದ.

ಸಮೀರವಾಡಿಯ ಸಕ್ಕರೆ ಕಾರ್ಖಾನೆಯಲ್ಲಿ ದುಡಿಯುವ ಶಿವಾಜಿ ಎಂಬವನು ಗುಂಪಿನಲ್ಲೇ ದನಿ ಕಳಿಸಿದ. "ಲೇ ಗೂಳ್ಯಾ, ಆಕಿ ಬೂದಿ ಆಗ್ಯಾಳ. ನೀ ಸೀರಿ ಅಂಚು ನೋಡಕೋ."

"ಕಬ್ಬು ಹಿಂಡಾವಗ ಬರೇ ಹಿಪ್ಪಿ ಕಾಣತೈತಿ, ಬಿಡಪಾ," ಎಂದು ಇವನು.

ಉಂಗುರ ಯಾವ ಕೈಯಲ್ಲಿತ್ತೆಂದು ಸಿನಿಮಾ ಮಾಡಿದವರೇ ಮರೆತಿರಬಹುದಲ್ಲ ಎಂದು ನಾನೊಮ್ಮೆ ಕೇಳಿದೆ. ಅವನಿಗೆ ಬೇಸರವಾಯಿತು.

"ಸುಮ್‌ಸುಮ್ನ ಯಾರರ ತೂತು ಹೊಡೀತಾರೇನ ಆಯಿ? ತೂತು ಐತಿ ಅಂದ್ರ ಮುಂದ ಹೂ ಐತಿ." ಸೂಜಿ ಚುಚ್ಚಿದ ಕೈ ನೋಡಿಕೊಂಡು, "ನಾ ಹೋಗೂದರೊಳಗ ಒಂದರ ಥಿಯರಿ ಖರೆ ಆಗಲಿ," ಎಂದ.

ಬೇಸಿಗೆಯಲ್ಲಿ ಸಕ್ಕರೆ ಕಾಯಿಲೆ ಅವನ ಕಣ್ಣನ್ನೂ ತಿಂದಿತು. ಆಷಾಢದ ಹೊತ್ತಿಗೆ ಜಮಖಂಡಿಗೆ ಒಯ್ಯುವುದೂ ನಿಂತಿತು. ಇನ್ನು ಬೇಡ ಎಂದು ಅವನೇ ಹೇಳಿದ. ದಾನೇಶ್ವರಿ ಅಡುಗೆಮನೆಗೆ ಹೋಗಿ ಅತ್ತಳು.

ಅದಾಗಿ ಐದನೆಯ ದಿನ ಕೊನೆಯ ಕಂತು ಬಂತು. ಇಂಗ್ಲಿಷಿನಲ್ಲಷ್ಟೇ. ಕನ್ನಡದ ದನಿ ತಿಂಗಳು ಬಿಟ್ಟು ಬರುತ್ತದಂತೆ. ಅವನಿಗೆ ಒಂದು ತಿಂಗಳ ಆಯುಷ್ಯ ಉಳಿದಿರಲಿಲ್ಲ. ನೀನು ನೋಡಿ ಹೇಳು ಎಂದ. ದಾನೇಶ್ವರಿ ಮೊಬೈಲು ಹಚ್ಚಿಕೊಟ್ಟು ಮಗ್ಗಕ್ಕೆ ಹೋದಳು. ಅವನ ಹಾಸಿಗೆಯ ಬದಿಗೆ ಕೂತು ನೋಡಿದೆ. ಅವನು ತೊಲೆಯ ಕಡೆಗೆ ಮುಖ ಮಾಡಿ ಆ ತಿಳಿಯದ ಭಾಷೆ ಕೇಳುತ್ತಿದ್ದ.

ಕೋಟೆ ಬಿತ್ತು. ಹದ್ದು ಸತ್ತಿತು. ಕಿರಿಯ ತಮ್ಮ ಸಿಂಹಾಸನ ಹತ್ತಿದ. ಉಂಗುರವನ್ನು ಯಾರೂ ನೆನೆಯಲಿಲ್ಲ. ಹೆಸರುಗಳು ಮೇಲೇರಿ ಪರದೆ ಕಪ್ಪಾಗುವವರೆಗೆ ಕಾದೆ. ರಾಣಿ ಬರಲಿಲ್ಲ.

ಗುಂಪಿನವರ ಮಾತು ಟಣ್ ಟಣ್ ಎಂದು ಬೀಳತೊಡಗಿತ್ತು. ಮೊಬೈಲು ಬೋರಲು ಹಾಕಿ ಅದರ ಮೇಲೆ ಕೌದಿ ಎಳೆದೆ. ಆ ಉಂಗುರವನ್ನು ಅವನ ತಲೆಗೆ ತುಂಬಿದವಳು ನಾನು.

"ಬಂದಳು," ಎಂದೆ.

ತಮ್ಮ ಕಿರೀಟ ಇಟ್ಟುಕೊಳ್ಳುವ ಹೊತ್ತಿಗೆ ಬಾಗಿಲು ತೆರೆಯಿತು, ಬಿಳಿ ಸೆರಗು ಹೊದ್ದು ಒಳಗೆ ಬಂದಳು, ಎಲ್ಲರೂ ಎದ್ದು ನಿಂತರು ಎಂದೆ. ಅಲ್ಲಿಯವರು ಸೆರಗು ಹೊದೆಯುವುದಿಲ್ಲ ಎಂಬುದು ಹೇಳಿದ ಮೇಲೆ ಹೊಳೆಯಿತು. ಗೂಳಪ್ಪ ತೊಲೆಯಿಂದ ನನ್ನ ಕಡೆಗೆ ಮುಖ ಹೊರಳಿಸಿದ. ಪಕ್ಕದ ಖೋಲಿಯಲ್ಲಿ ಮಗ್ಗ ಬಡಿಯುತ್ತಿತ್ತು.

"ಉಂಗುರ?"

"ಎಡಗೈಯಾಗ."

ಅವನು ತನ್ನ ಎಡಗೈಯನ್ನು ಹೊದಿಕೆಯಿಂದ ಹೊರಗೆ ತೆಗೆದು ನನ್ನ ಮೊಣಕಾಲ ಮೇಲೆ ಇಟ್ಟ. ಬಾತುಕೊಂಡ ಕೈ, ಸೂಜಿಯ ಗಾಯಗಳ ಸಾಲು.

"ಇನ್ನೊಮ್ಮಿ ಹೇಳ ಆಯಿ," ಎಂದ. "ಮೊದಲಿಂದ ಹೇಳು. ನೀ ಏನೂ ಮರಿಯಂಗಿಲ್ಲಲ್ಲ."