ಲೂರ್ದು ಮೇಡಂ ನೋಡದೆ ಬಿಟ್ಟ ಬ್ಯಾಗು

ಪುಸ್ತಕ ವಾಪಸು ಕೊಟ್ಟರೆ ಲೂರ್ದು ಮೇಡಂ ಮೊದಲು ಅದನ್ನು ತಲೆಕೆಳಗು ಮಾಡುತ್ತಿದ್ದರು. ಎರಡೂ ರಟ್ಟುಗಳನ್ನು ಎರಡು ಕೈಯಲ್ಲಿ ಹಿಡಿದು, ಒಗೆದ ಬಟ್ಟೆ ಒದರುವ ಹಾಗೆ ಮೂರು ಸಲ ಒದರಿ, ಮೇಜಿನ ಮೇಲೆ ಏನು ಬಿತ್ತು ಎಂದು ಬಗ್ಗಿ ನೋಡುತ್ತಿದ್ದರು. ಸಿಟಿ ಬಸ್ಸಿನ ಟಿಕೆಟ್ಟು, ಒಣಗಿದ ಸಂಪಿಗೆಯ ಎಸಳು, ಬಳಸಿದ ಬಿಂದಿ, ಒಮ್ಮೆ ಯಾರೋ ಅರ್ಧ ಬರೆದು ಬಿಟ್ಟ ಪ್ರೇಮಪತ್ರ. ಬಿದ್ದದ್ದೆಲ್ಲ ಹಳೆಯ ಬಿಸ್ಕತ್ತಿನ ಡಬ್ಬಿಗೆ ಹೋಗುತ್ತಿತ್ತು. ಆಮೇಲೆ ಹೆಬ್ಬೆರಳನ್ನು ಒದ್ದೆ ಸ್ಪಂಜಿಗೆ ಮುಟ್ಟಿಸಿ ಪುಟ ತಿರುವಲು ಶುರು. ಮುನ್ನೂರು ಪುಟದ ಪುಸ್ತಕವಾದರೆ ಮುನ್ನೂರನ್ನೂ ನೋಡಬೇಕು. ಅಷ್ಟು ಹೊತ್ತೂ ನಾವು ಅವರೆದುರು ನಿಂತಿರಬೇಕು.

ಯಾರಾದರೂ ಮುಖ ಸಿಂಡರಿಸಿದರೆ ಅವರ ಉತ್ತರ ಸಿದ್ಧವಾಗಿತ್ತು. "ನಂಬ್ತೀನಿ ಕಣಮ್ಮ. ಆದ್ರೂ ಒಂದ್ಸಲ ನೋಡ್ಬುಡ್ತೀನಿ." ಹುಡುಗರಾದರೆ ಕಣಮ್ಮ ಹೋಗಿ ಕಣಪ್ಪ ಬರುತ್ತಿತ್ತು. ಉಳಿದದ್ದು ಒಂದಕ್ಷರವೂ ಬದಲಾಗುತ್ತಿರಲಿಲ್ಲ.

ಮೈಸೂರಿನ ನಮ್ಮ ವಿಶ್ವವಿದ್ಯಾನಿಲಯದಲ್ಲಿ ಇತಿಹಾಸ ವಿಭಾಗಕ್ಕೆಂದೇ ಒಂದು ಕೋಣೆಯ ಗ್ರಂಥಾಲಯವಿತ್ತು. ಅದರ ಹೊಣೆ ಲೂರ್ದು ಮೇರಿಯವರದು. ಸಿದ್ಧಾರ್ಥನಗರದಲ್ಲಿ ಅಣ್ಣನ ಸಂಸಾರದ ಜೊತೆಗಿದ್ದರು, ಮದುವೆಯಾಗಿರಲಿಲ್ಲ. ಬಿಳಿ ಕಾಟನ್ ಸೀರೆ, ಕೊರಳಲ್ಲಿ ಸಣ್ಣ ಶಿಲುಬೆ, ದಾರ ಕಟ್ಟಿದ ಕನ್ನಡಕ. ಚರ್ಚಿನಲ್ಲಿ ಪ್ರಾರ್ಥನೆ ಮಾಡುವಾಗಲೂ ಇವರ ಒಂದು ಕಣ್ಣು ತೆರೆದೇ ಇರುತ್ತದೆ ಎಂದು ನನ್ನ ಸಹಪಾಠಿ ಮಹೇಶ ಹೇಳುತ್ತಿದ್ದ. ಕೋಣೆಗೆ ಎರಡು ಬಾಗಿಲುಗಳಿದ್ದವು. ಒಂದಕ್ಕೆ ಸದಾ ಬೀಗ. ಇನ್ನೊಂದರ ಪಕ್ಕದಲ್ಲೇ ಅವರ ಮೇಜು. ಒಳಗೆ ಬರುವಾಗ ಫೋನನ್ನು ಮರದ ಟ್ರೇಯಲ್ಲಿ ಇಡಬೇಕು, ಹೊರಗೆ ಹೋಗುವಾಗ ಬ್ಯಾಗನ್ನು ಮೇಜಿನ ಮೇಲೆ ಬಿಚ್ಚಬೇಕು. ಊಟದ ಡಬ್ಬಿಯ ಮುಚ್ಚಳವನ್ನೂ ತೆಗೆಸುತ್ತಿದ್ದರು. ಜೆರಾಕ್ಸ್ ಬೇಕೆಂದರೆ ಅರ್ಜಿ ಬರೆದುಕೊಡಬೇಕು. ಅಟೆಂಡರ್ ಪುಸ್ತಕ ಹಿಡಿದುಕೊಂಡು ನಮ್ಮ ಜೊತೆ ಅಂಗಡಿಗೆ ಬರುತ್ತಿದ್ದ.

ಅವರು ನಮ್ಮನ್ನು ನಂಬುತ್ತಿರಲಿಲ್ಲ, ಸರಿ. ನಾವೂ ಅವರನ್ನು ನಂಬುತ್ತಿರಲಿಲ್ಲ. ಮಧ್ಯಾಹ್ನ ಮೂರರ ಮೇಲೆ, ಓದುವವರು ಕಡಿಮೆಯಾದಾಗ, ಅವರು ಒಂದು ಉದ್ದನೆಯ ನೋಟ್‌ಬುಕ್ ತೆಗೆದು ಬರೆಯಲು ಕೂರುತ್ತಿದ್ದರು. ಯಾರಾದರೂ ಹತ್ತಿರ ಹೋದರೆ ಮೊಣಕೈ ಅಡ್ಡ ಇಟ್ಟುಬಿಡುತ್ತಿದ್ದರು. ಅದು ನಮ್ಮ ಮೇಲಿನ ಚಾಡಿ, ತಿಂಗಳಿಗೊಮ್ಮೆ ವಿಭಾಗದ ಮುಖ್ಯಸ್ಥರ ಕೈಸೇರುತ್ತದೆ ಎಂದು ನಾವೆಲ್ಲ ತೀರ್ಮಾನಿಸಿದ್ದೆವು. ಯಾರಿಗಾದರೂ ಇಂಟರ್ನಲ್ ಅಂಕ ಕಡಿಮೆ ಬಂದರೆ "ಮೊಣಕೈ ಪುಸ್ತಕದಲ್ಲಿ ಹೆಸರು ಬಂದಿರಬೇಕು" ಎನ್ನುತ್ತಿದ್ದೆವು. ಹಾಗೆ ಹೆಚ್ಚು ಹೇಳುತ್ತಿದ್ದವಳು ನಾನೇ. ನನ್ನದು ಹುಟ್ಟಾ ಅನುಮಾನದ ಸ್ವಭಾವ. ಹಿನಕಲ್‌ನ ನಮ್ಮ ಮನೆಯಿಂದ ಹೊರಟರೆ ಬಸ್ ಸ್ಟಾಪಿನ ತನಕ ಹೋಗಿ, ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ವಾಪಸು ಬರುವವಳು ನಾನು.

ಇಂಥ ಮೇಡಂ ಇಡೀ ತರಗತಿಯಲ್ಲಿ ಒಬ್ಬಳ ಬ್ಯಾಗನ್ನು ಮಾತ್ರ ನೋಡುತ್ತಿರಲಿಲ್ಲ. ಅದು ನನ್ನದು.

ಕಾರಣ ಇಷ್ಟೇ. ಎಂ.ಎ. ಸೇರಿದ ಮೊದಲ ವಾರ ಒಂದು ಪುಸ್ತಕ ಪಡೆದು ಬಾಗಿಲು ದಾಟುವ ಮೊದಲೇ ತಿರುವಿ ನೋಡಿದೆ. ನಡುವೆ ಒಂದು ಹಾಳೆ ಇರಲಿಲ್ಲ. ಕೂಡಲೇ ಹಿಂತಿರುಗಿ, "ಮೇಡಂ, ಇದು ಮೊದಲೇ ಹರಿದಿದೆ, ನೋಡಿ" ಎಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಇಷ್ಟು ವರ್ಷದಲ್ಲಿ ಇದನ್ನ ತಾನಾಗೇ ಬಂದು ಹೇಳ್ದೋಳು ನೀನೊಬ್ಳೇ ಕಣಮ್ಮ. ಏನ್ ಹೆಸ್ರು?" ಎಂದರು. ಶೈಲಾ ಎಂದೆ. ಮಾರನೆಯ ದಿನ ಬ್ಯಾಗ್ ಬಿಚ್ಚಲು ಹೋದಾಗ ಕೈಯಾಡಿಸಿ "ನೀನು ಹೋಗು" ಎಂದುಬಿಟ್ಟರು. ನಾನು ಹೇಳಿದ್ದು ಪ್ರಾಮಾಣಿಕತೆಯಿಂದಲ್ಲ, ನಾಳೆ ನನ್ನ ತಲೆಗೇ ಕಟ್ಟುತ್ತಾರೆಂಬ ಭಯದಿಂದ. ಅದನ್ನು ಅವರಿಗೆ ಹೇಳಲು ಹೋಗಲಿಲ್ಲ. ಎರಡು ವರ್ಷ ಎಲ್ಲರ ಎದುರು ಬ್ಯಾಗು ತೂಗಿಸಿಕೊಂಡು ರಾಣಿಯ ಹಾಗೆ ಆ ಬಾಗಿಲು ದಾಟಿದೆ.

ಕೊನೆಯ ವರ್ಷದ ಸೆಮಿನಾರಿಗೆ ನನಗೂ ಮಹೇಶನಿಗೂ ಹತ್ತಿರ ಹತ್ತಿರದ ವಿಷಯ ಬಂತು, ಹಳೆಯ ಮೈಸೂರಿನ ಕೆರೆಗಳು. ಬೇಕಾದದ್ದೆಲ್ಲ ಒಂದೇ ದಪ್ಪ ಪುಸ್ತಕದಲ್ಲಿತ್ತು. ಅಗಲ ಹಾಳೆಯ, ಮನೆಗೆ ಕೊಡದ ಪುಸ್ತಕ. ಅವತ್ತು ಜೆರಾಕ್ಸ್ ಅಂಗಡಿ ಮುಚ್ಚಿತ್ತು. ಮೇಡಂ ಊಟಕ್ಕೆ ಕೂತಿದ್ದರು. ನಾನು ಕಪಾಟಿನ ಸಂದಿಯಲ್ಲಿ ನಿಂತು ನಾಲ್ಕು ಹಾಳೆ ಹರಿದು, ಬ್ಯಾಗಿನಲ್ಲಿದ್ದ ಫೈಲಿನೊಳಗೆ ಚಪ್ಪಟೆಯಾಗಿ ಇಟ್ಟುಕೊಂಡೆ. ಅಂಗಡಿ ಮುಚ್ಚಿತ್ತು ಎಂಬುದು ನೆಪ. ಮಹೇಶನಿಗೆ ಅದು ಸಿಗಬಾರದು ಎಂಬುದೇ ನಿಜವಾದ ಆಸೆ. ಬಾಗಿಲಲ್ಲಿ ಮೇಡಂ ಎಂದಿನಂತೆ ಕೈಯಾಡಿಸಿದರು. ಅವನು ಆ ಸೆಮಿನಾರಿನಲ್ಲಿ ತಡವರಿಸಿದ. ನನಗೆ ಚಪ್ಪಾಳೆ ಬಿತ್ತು.

ಎರಡು ತಿಂಗಳ ಮೇಲೆ ಕಪಾಟುಗಳ ತಪಾಸಣೆ ಮಾಡುವಾಗ ಹಾಳೆ ಹೋದದ್ದು ಮೇಡಂ ಕಣ್ಣಿಗೆ ಬಿತ್ತು. ಹರಿದ ಜಾಗದ ಪಕ್ಕದ ಪುಟದಲ್ಲಿ ಎಣ್ಣೆಯ ಒಂದು ಹೆಬ್ಬೆರಳ ಗುರುತಿತ್ತು, ಧೂಳು ಕೂತು ಕಪ್ಪಾಗಿತ್ತು. ಅದು ನಾನು ಬೆಳಿಗ್ಗೆ ತಲೆಗೆ ಹಚ್ಚಿಕೊಂಡ ಕೊಬ್ಬರಿ ಎಣ್ಣೆ. ಆದರೆ ಮಹೇಶ ಉದಯಗಿರಿಯಲ್ಲಿ ಮಾವನ ಸ್ಕೂಟರ್ ಗ್ಯಾರೇಜಿನಲ್ಲಿ ಬೆಳಿಗ್ಗೆ ಒಂಬತ್ತರ ತನಕ ಕೆಲಸ ಮಾಡಿ ಬರುತ್ತಿದ್ದ. ಎಷ್ಟು ಉಜ್ಜಿದರೂ ಅವನ ಉಗುರಿನ ಸಂದಿ ಬೆಳ್ಳಗಾಗುತ್ತಿರಲಿಲ್ಲ. ಮೇಡಂ ಅವನ ಕೈ ತಿರುಗಿಸಿ ನೋಡಿದರು. "ಇದು ಗ್ರೀಸು. ಅಂಗಿಯೊಳ್ಗೆ ಇಟ್ಕೊಂಡು ಹೋಗಿದ್ದೀಯ. ಪುಟ ತಂದ್ಕೊಡು ಕಣಪ್ಪ, ಅಷ್ಟೇ" ಎಂದರು. ಅವನು ಇಲ್ಲ ಎಂದ. ಮಾರನೆಯ ದಿನವೂ ಇಲ್ಲ ಎಂದ. ನಾನು ಪಕ್ಕದ ಮೇಜಿನಲ್ಲಿ ತಲೆ ತಗ್ಗಿಸಿ ಓದುತ್ತಿದ್ದೆ.

ಕೊನೆಯ ಪರೀಕ್ಷೆ ಮುಗಿದ ಮಾರನೆಯ ದಿನ ಬೀಳ್ಕೊಡುಗೆ. ನಾವು ಹೋಗುವವರೇ ವಿಭಾಗಕ್ಕೆ ಕೃತಜ್ಞತೆ ಹೇಳುವುದು ಅಲ್ಲಿನ ಪದ್ಧತಿ. ವಂದನಾರ್ಪಣೆ ನನ್ನ ಪಾಲಿಗೆ ಬಂತು. ಮುಖ್ಯಸ್ಥರಿಂದ ಹಿಡಿದು ತೋಟದ ನಿಂಗಯ್ಯನ ತನಕ ಹೆಸರು ಬರೆದೆ. ಲೂರ್ದು ಮೇಡಂ ಹೆಸರು ಬೇಡ ಎಂದು ತರಗತಿಯೆಲ್ಲ ಒಂದೇ ಮಾತು. "ಬುಡು ಶೈಲಾ, ಥ್ಯಾಂಕ್ಸ್ ಹೇಳಿದ್ರೆ ಅದನ್ನೂ ಉಲ್ಟಾ ಹಿಡಿದು ಒದರ್ತಾರೆ" ಎಂದು ಮಹೇಶನೂ ನಕ್ಕ. ನನಗೆ ಬದುಕಿದೆ ಅನ್ನಿಸಿತು. ಆ ಹೆಸರನ್ನು ಮೈಕಿನಲ್ಲಿ ಹೇಳುವ ಧೈರ್ಯ ನನಗಿರಲಿಲ್ಲ.

ಬೆಳಿಗ್ಗೆ ಹತ್ತಕ್ಕೆ ಕಾರ್ಯಕ್ರಮ. ನಾನು ಮಾತಾಡಿದ್ದು ನಾಟಕವಲ್ಲ. ಆ ಕಾರಿಡಾರು, ಬೇವಿನ ಮರದ ಕೆಳಗಿನ ಕಲ್ಲುಬೆಂಚು, ನಮ್ಮ ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಾಳ್ಮೆಯಿಂದ ತಿದ್ದಿದ ಮೇಷ್ಟ್ರುಗಳು, ಎಲ್ಲದರ ಋಣ ನನ್ನ ಮೇಲಿತ್ತು. ಲೂರ್ದು ಮೇಡಂ ಬಂದಿರಲಿಲ್ಲ. ಅವರು ಯಾವ ವರ್ಷದ ಬೀಳ್ಕೊಡುಗೆಗೂ ಬಂದವರಲ್ಲ, ಕೋಣೆ ಬಿಟ್ಟರೆ ಪುಸ್ತಕ ಹೋಗುತ್ತದೆ ಎಂಬ ಭಯ.

ಊಟದ ಹೊತ್ತಿನಲ್ಲಿ ಮಹೇಶ ತನ್ನ ಕ್ಲಿಯರೆನ್ಸ್ ಸ್ಲಿಪ್ ತೋರಿಸಿದ. ಎಲ್ಲ ಖಾನೆಯಲ್ಲೂ ಸಹಿ ಇತ್ತು, ಗ್ರಂಥಾಲಯದ್ದು ಖಾಲಿ. ಅದು ತುಂಬದೆ ಟಿ.ಸಿ. ಕೊಡುವುದಿಲ್ಲ.

"ಸೋಮವಾರ ಬಿ.ಎಡ್. ಕಾಲೇಜಿಗೆ ಟಿ.ಸಿ. ಕೊಡ್ಬೇಕು ಕಣೆ. ಇಲ್ದಿದ್ರೆ ಸೀಟು ಬೇರೆಯವರಿಗೆ ಹೋಗುತ್ತೆ. ಮೇಡಂ ಬೆಳಿಗ್ಗೆನೂ ಪುಟ ತಾ ಅಂದ್ರು. ನಾನ್ ಹರಿದೇ ಇಲ್ಲ, ಎಲ್ಲಿಂದ ತರ್ಲಿ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. ಹಾಳೆಗಳು ನನ್ನ ಬ್ಯಾಗಿನಲ್ಲೇ ಇದ್ದವು. ಯಾರೂ ಇಲ್ಲದಾಗ ಕಪಾಟಿನ ಹಿಂದೆ ಎಸೆದು ಹೋಗೋಣ ಎಂದು ತಂದಿದ್ದೆ. "ಇಲ್ಲೇ ಇರು" ಎಂದು ಅವನನ್ನು ಬೆಂಚಿನ ಮೇಲೆ ಕೂರಿಸಿ ಗ್ರಂಥಾಲಯಕ್ಕೆ ಹೋದೆ.

ಮೇಡಂ ನನ್ನನ್ನು ಕಂಡು ಮುಖ ಅರಳಿಸಿದರು. "ಬಾ ಶೈಲಾ. ನಿನ್ನ ಸ್ಲಿಪ್ಪು ಮೊನ್ನೇನೇ ಸೈನ್ ಮಾಡಿ ಕೊಟ್ಟೆನಲ್ಲ."

ನಾನು ಫೈಲು ತೆಗೆದು ನಾಲ್ಕು ಹಾಳೆಗಳನ್ನು ಅವರ ಮುಂದಿಟ್ಟೆ. ಅವರು ಒಂದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು.

"ಮಹೇಶ ಕೊಟ್ಟು ಕಳ್ಸಿದ್ನಾ?"

"ಇಲ್ಲ ಮೇಡಂ. ಹರಿದಿದ್ದು ನಾನೇ."

"ಸುಮ್ನಿರು. ಬೆಳಿಗ್ಗೆ ಅವನಿಗೆ ಸೈನ್ ಹಾಕಲ್ಲ ಅಂದೆ, ಮಧ್ಯಾಹ್ನ ನೀನು ಪುಟ ತಂದ್ಬುಟ್ಟೆ. ಇಷ್ಟೂ ಅರ್ಥ ಆಗಲ್ವಾ ನಂಗೆ? ಅವನ್ನ ಉಳಿಸಕ್ಕೆ ನೀನ್ಯಾಕೆ ಕೆಟ್ಟೋಳಾಗ್ತೀಯ?"

ಜೀವಮಾನವೆಲ್ಲ ಕಳ್ಳರನ್ನು ಹುಡುಕಿದ ಹೆಂಗಸು, ಕಳ್ಳಿಯೇ ಎದುರು ಬಂದು ನಿಂತರೆ ಅದನ್ನೂ ಅನುಮಾನಿಸುತ್ತಿದ್ದಾರೆ. ನನ್ನ ಮಾತಿನಿಂದ ಮಹೇಶನ ಕೊರಳಿನ ಕುಣಿಕೆ ಇನ್ನೂ ಬಿಗಿಯಾಗುತ್ತಿತ್ತು.

"ಮೇಡಂ, ಮಹೇಶನ ಬ್ಯಾಗನ್ನ ನೀವು ದಿನಾ ನೋಡ್ತಿದ್ರಿ. ಎಲ್ಲರದೂ ನೋಡ್ತಿದ್ರಿ. ನೋಡದೆ ಬಿಟ್ಟಿದ್ದು ನನ್ನದೊಂದನ್ನೇ."

"ಅವನು ಅಂಗಿಯೊಳ್ಗೆ..." ಎಂದವರು ಅಲ್ಲಿಗೇ ನಿಲ್ಲಿಸಿದರು. ಹಾಳೆಯ ಮೇಲೆ ಹೆಬ್ಬೆರಳು ಆಡಿಸಿದರು, ಎರಡನೆಯದನ್ನು ಎತ್ತಿದರು, ಮೂರನೆಯದನ್ನು ಎತ್ತಿದರು. ಅಂಗಿಯೊಳಗೆ ಹೋದ ಹಾಳೆ ಅಷ್ಟು ನೇರ ಇರುವುದಿಲ್ಲ. "ಒಂದ್ ಮಡಿಕೆನೂ ಇಲ್ಲ" ಎಂದು ತಮಗೇ ಹೇಳಿಕೊಂಡರು. ಕೊನೆಯ ಹಾಳೆಯ ಮೂಲೆಯನ್ನು ಮೂಸಿ ನೋಡಿದರು. ನನ್ನ ಜಡೆಯನ್ನು ನೋಡಿದರು.

ಆಮೇಲೆ ಡ್ರಾಯರಿನಿಂದ ಆ ಉದ್ದನೆಯ ನೋಟ್‌ಬುಕ್ ತೆಗೆದರು. ಮೊಣಕೈ ಅಡ್ಡ ಬರಲಿಲ್ಲ. ಮೊದಲ ಸಲ ಅದರೊಳಗೆ ಕಂಡೆ: ನಾನು ಹರಿದ ಎಂಟು ಪುಟಗಳೂ ಗುಂಡು ಅಕ್ಷರದಲ್ಲಿ, ನಕ್ಷೆಯ ಸಮೇತ, ನಕಲಾಗಿದ್ದವು. ಅದರ ಹಿಂದೆ ಬೇರೆ ಪುಸ್ತಕಗಳ, ಎಷ್ಟೋ ವರ್ಷಗಳ ಹರಿದ ಪುಟಗಳು. ಒಂದು ಚಾಡಿಯೂ ಇರಲಿಲ್ಲ.

"ಊರಾಚೆ ಇನ್ನೊಂದು ಲೈಬ್ರರೀಲಿ ಇದರ ಪ್ರತಿ ಇದೆ. ಶನಿವಾರ ಶನಿವಾರ ಹೋಗಿ ಪೆನ್ಸಿಲ್ಲಲ್ಲಿ ಬರ್ಕೊಂಡು ಬಂದು, ಇಲ್ಲಿ ಮಧ್ಯಾಹ್ನ ಕೂತು ಇದಕ್ಕೆ ಇಳಿಸ್ದೆ. ಜೆರಾಕ್ಸ್ ನಂಬಕ್ಕಾಗಲ್ಲ, ಅಳಿಸಿ ಹೋಗುತ್ತೆ."

"ನಮಗೆ ಯಾಕೆ ಮೇಡಂ ತೋರಿಸ್ತಿರಲಿಲ್ಲ?"

"ಹರಿದ್ರೂ ಇವಳು ಬರೆದು ಸೇರಿಸ್ತಾಳೆ ಅಂತ ಗೊತ್ತಾದ್ರೆ ಹರಿಯೋರಿಗೆ ಧೈರ್ಯ ಬಂದ್ಬುಡುತ್ತೆ."

ಹಾಳೆಗಳನ್ನು ಪಕ್ಕದಲ್ಲಿಟ್ಟು ಸಾಲು ಸಾಲಾಗಿ ತಾಳೆ ನೋಡಿದರು. "ಇಲ್ಲೊಂದು ಸಾಲು ಬಿಟ್ಟಿದ್ದೆ" ಎಂದು ಅಂಚಿನಲ್ಲಿ ಬರೆದುಕೊಂಡರು. ನಾನು ಅಳುತ್ತಿದ್ದೆ. ಅವರು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. "ಮಹೇಶನ್ನ ಕರಿ" ಎಂದರು.

ಅವನು ಬಂದಾಗ ಸ್ಲಿಪ್ಪಿಗೆ ಸಹಿ ಹಾಕಿ, ಸೀಲು ಒತ್ತಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. "ನಂದು ತಪ್ಪಾಯ್ತು ಕಣಪ್ಪ. ನೋಡ್ಬೇಕಾದ ಕಡೆ ನೋಡ್ಲಿಲ್ಲ."

ಮಹೇಶ ಮೇಜಿನ ಮೇಲಿದ್ದ ಹಾಳೆಗಳನ್ನು ನೋಡಿದ, ಬಿಚ್ಚಿದ ನನ್ನ ಫೈಲನ್ನು ನೋಡಿದ. "ಪರವಾಗಿಲ್ಲ ಮೇಡಂ" ಎಂದು ಅವರಿಗೆ ಹೇಳಿ, ನನ್ನ ಕಡೆ ತಿರುಗದೆ ಹೊರಟುಹೋದ. ಅವನು ಮತ್ತೆ ನನ್ನ ಜೊತೆ ಮಾತಾಡಲು ಒಂದು ವರ್ಷವಾಯಿತು.

ಈಗ ಆ ಮೇಜಿನಲ್ಲಿ ಬೇರೆಯವರಿದ್ದಾರೆ. ಘಟಿಕೋತ್ಸವದ ಹೊತ್ತಿಗೆ ಮೇಡಂ ನಿವೃತ್ತರಾಗಿದ್ದರು. ಸಿದ್ಧಾರ್ಥನಗರದ ಮನೆ ಹುಡುಕಿಕೊಂಡು ಹೋದೆ. ಅಣ್ಣನ ಮಕ್ಕಳ ಜೊತೆ ಬೇರೆ ಊರಿಗೆ ಹೋದರಂತೆ. ಹಾಗಾಗಿ ಅವತ್ತಿನದೇ ಕೊನೆಯ ಭೇಟಿ.

ಅವತ್ತು ನಾನು ಕಣ್ಣೊರೆಸಿಕೊಂಡು, ಬ್ಯಾಗು ಹೆಗಲಿಗೇರಿಸಿ, ಎರಡು ವರ್ಷದ ಅಭ್ಯಾಸದಂತೆ ನೇರ ಬಾಗಿಲಿಗೆ ನಡೆದೆ.

"ಶೈಲಾ."

ತಿರುಗಿದೆ. ಅವರು ಮೇಜಿನ ಮೇಲೆ ಜಾಗ ಮಾಡುತ್ತಿದ್ದರು.

"ನಂಬ್ತೀನಿ ಕಣಮ್ಮ. ಆದ್ರೂ ಒಂದ್ಸಲ ನೋಡ್ಬುಡ್ತೀನಿ."

ಆ ಮಾತನ್ನು ಅವರು ನನಗೆ ಹೇಳಿದ್ದು ಅದೇ ಮೊದಲು. ಬ್ಯಾಗು ಇಟ್ಟೆ. ಡಬ್ಬಿಯ ಮುಚ್ಚಳ ತೆಗೆದರು, ಬಾಚಣಿಗೆ ಬದಿಗಿಟ್ಟರು, ಒಳಜೇಬಿಗೆ ಕೈ ಹಾಕಿದರು. ಮಡಿಸಿದ ಒಂದು ಕಾಗದ ಬಂತು. ಬೆಳಗಿನ ವಂದನಾರ್ಪಣೆ. ಅದನ್ನು ಕಸಿದುಕೊಂಡು ಓಡಿಹೋಗಬೇಕು ಅನ್ನಿಸಿತು. ಅವರು ಬಿಡಿಸಿ, ಪ್ರತಿ ಹೆಸರಿನ ಮೇಲೂ ಬೆರಳಿಟ್ಟು ಮೇಲಿನಿಂದ ಕೆಳಗೆ ಓದಿದರು. ಬೆರಳು ಕೊನೆಯ ಸಾಲಿಗೆ ಬಂತು. ಕಾಗದದ ಹಿಂಬದಿ ತಿರುಗಿಸಿದರು. ಅಲ್ಲೇನೂ ಇರಲಿಲ್ಲ.

"ನಿಂಗಯ್ಯನ ಹೆಸ್ರು ಹಾಕಿದ್ದೀಯ. ಒಳ್ಳೇದಾಯ್ತು. ಯಾರೂ ಹೇಳಲ್ಲ ಅವನ ಹೆಸ್ರನ್ನ" ಎಂದರು.

ಕಾಗದವನ್ನು ಅದೇ ಮಡಿಕೆಯಲ್ಲಿ ಮಡಿಸಿ, ತೆಗೆದ ಜೇಬಿನಲ್ಲೇ ಇಟ್ಟು, ಬ್ಯಾಗಿನ ಜಿಪ್ ಎಳೆದರು.

"ಥ್ಯಾಂಕ್ಸ್ ಮೇಡಂ" ಎಂದೆ.

ಅವರು ಕನ್ನಡಕದ ಮೇಲಿನಿಂದ ನನ್ನನ್ನು ತುಂಬ ಹೊತ್ತು ನೋಡಿದರು, ಹರಿದಿದೆಯೋ ಇಲ್ಲವೋ ಎಂದು ಪುಟ ನೋಡುವ ಹಾಗೆ. ಆಮೇಲೆ "ಹೂಂ, ಹೋಗ್ಬಾ" ಎಂದು, ಅಷ್ಟರಲ್ಲಿ ಬಂದು ನನ್ನ ಹಿಂದೆ ನಿಂತಿದ್ದ ಜೂನಿಯರ್ ಹುಡುಗಿಯ ಪುಸ್ತಕ ತೆಗೆದುಕೊಂಡು ತಲೆಕೆಳಗು ಮಾಡಿದರು.