ಸುಧಾಮಣಿಯವರ ತಟ್ಟೆ

ನ್ಯೂಯಾರ್ಕಿನ ಫ್ಲಶಿಂಗ್‌ನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಅಡಿವೆಪ್ಪ ಊಟದ ತಟ್ಟೆಗಳನ್ನು ವ್ಯಾನಿಗೆ ಏರಿಸುತ್ತಿದ್ದಾರೆ. ತಟ್ಟೆಯ ಮೇಲಿನ ಹೆಸರನ್ನು ಒಂದೊಂದಾಗಿ ಬಾಯಿಬಿಟ್ಟು ಓದುತ್ತಾರೆ. ಅಡುಗೆ ಮಾಡಿಕೊಳ್ಳಲಾಗದ ವೃದ್ಧರ ಮನೆಗೆ ನಗರದ ಖರ್ಚಿನಲ್ಲಿ ಹೋಗುವ ಊಟ ಇದು. ಬಾಗಿಲು ತೆರೆದವರು ಮೊದಲ ತುತ್ತು ಉಣ್ಣುವವರೆಗೆ ಅಡಿವೆಪ್ಪ ಅಲ್ಲೇ ನಿಲ್ಲುತ್ತಾರೆ. ಹಾಗೆ ನಿಲ್ಲಬೇಕೆಂದು ಯಾರೂ ಹೇಳಿಲ್ಲ.

ಗೋಕಾಕದ ಕಡೆಯವರು. ನರ್ಸ್ ಆಗಿ ಬಂದ ಹೆಂಡತಿ ಕಲಾ ಅವರ ಜೊತೆ ಬಂದು ಈ ಕೆಲಸ ಹಿಡಿದರು. ಆಗ ಊಟದ ಗುತ್ತಿಗೆ ನಮ್ಮ ಕನ್ನಡದವನೇ ಒಬ್ಬನದು.

ಒಂದು ಚಳಿಗಾಲ ಸುಧಾಮಣಿ ಎಂಬ ಅಜ್ಜಿ ತೀರಿಕೊಂಡರು. ಮರುದಿನವೂ ಅವರ ಹೆಸರಿನ ತಟ್ಟೆ ಬಂತು.

"ಮಾಲಕ ಸತ್ತ ಅಜ್ಜಿಗೆ ಎಡಿ ಇಡಸಾಕತ್ಯಾನ ಅನಕೊಂಡೆ ನೋಡ್ರಿ. ಅಮೆರಿಕಾದಾಗೂ ಎಂಥಾ ಪುಣ್ಯವಂತ ಅಂತ ಕೈ ಮುಗದೆ," ಎನ್ನುತ್ತಾರೆ ಅಡಿವೆಪ್ಪ.

ದಿನವೂ ಆ ತಟ್ಟೆಯನ್ನು ಅಜ್ಜಿಯ ಮೆಟ್ಟಿಲ ಮೇಲಿಟ್ಟು ಹೆಸರು ಹೇಳಿ ಬರುತ್ತಿದ್ದರು. ಸಾವಾದ ಮನೆಯಲ್ಲಿ ಮರೆತು ಒಂದು ತಟ್ಟೆ ಹೆಚ್ಚಿಗೆ ಬಡಿಸಿದವರಿಗೆ ಈ ತಪ್ಪು ನಗು ತರುವುದಿಲ್ಲ.

ಹನ್ನೊಂದನೆಯ ದಿನದ ಕಾರ್ಯ ಮುಗಿದರೂ ತಟ್ಟೆ ನಿಲ್ಲಲಿಲ್ಲ. ಕೇಳಿದ್ದಕ್ಕೆ ಮಾಲೀಕ ರೇಗಿದ: "ಮೆಟ್ಟಿಲ ಮೇಲೆ ಯಾಕಿಟ್ಟೆ? ವಾಪಸ್ ತಾ. ಸಿಟಿಯವರು ಇಲ್ಲಿಂದ ಹೊರಡೋ ತಟ್ಟೆ ಎಣಿಸಿ ದುಡ್ಡು ಕೊಡ್ತಾರೆ. ಉಳಿದದ್ದು ನಿನಗ್ಯಾಕೆ?"

ಅಜ್ಜಿಯ ಪಕ್ಕದ ಮನೆಯ ಮುರುಗೆಪ್ಪ ಊಟಕ್ಕೆ ಹೆಸರು ಕೊಟ್ಟು ಕಾಯುತ್ತಿದ್ದರು. ಪಟ್ಟಿಯಲ್ಲಿ ಜಾಗವಿಲ್ಲ ಎಂದೇ ಉತ್ತರ. ಅಡಿವೆಪ್ಪನವರಿಗೆ ತಡೆಯಲಾಗದ್ದು ಇದೇ.

ನಗರಕ್ಕೆ ಮೋಸ ಮಾಡಿದವರನ್ನು ತೋರಿಸಿಕೊಟ್ಟವರಿಗೆ, ವಸೂಲಾದ ಹಣದಲ್ಲಿ ಪಾಲು ಕೊಡುವ ಕಾನೂನು ಇಲ್ಲಿದೆ. ವಕೀಲರ ಮೂಲಕ ದೂರು ಹೋಯಿತು. ಮಾಲೀಕನಿಗೆ ಅನುಮಾನ ಬಂದು ಹಿಂದೆಯೇ ಕೆಲಸವೂ ಹೋಯಿತು. ಕಾನೂನಿನಂತೆ ತನಿಖೆ ಮುಗಿಯುವತನಕ ಯಾರ ಮುಂದೆಯೂ ಕಾರಣ ಹೇಳುವಂತಿರಲಿಲ್ಲ. ಕಲಾ ಹೆಚ್ಚಿನ ಪಾಳಿ ಮಾಡಿ ಮನೆ ನಡೆಸಿದರು.

ಕೊನೆಗೆ ಮೋಸ ಸಾಬೀತಾಗಿ ಪಾಲು ಬಂತು. ಆ ವರ್ಷದ ಬಸವ ಜಯಂತಿಯ ಪಂಕ್ತಿಯಲ್ಲಿ ಸಾಫ್ಟ್‌ವೇರ್ ತರುಣನೊಬ್ಬ ಚುಚ್ಚಿದ: "ನಮಗೆ ಸ್ಟಾಕ್ ಆಪ್ಷನ್, ಅಂಕಲ್‌ಗೆ ಚಾಡಿ ಬೋನಸ್!"

ಕಲಾ ಬಿಡಲಿಲ್ಲ. "ಹೌದಪಾ, ಟ್ಯಾಕ್ಸ್ ಸುದ್ದಾ ಕಟ್ಟೇವಿ. ನೀ ಮೊದಲ ಪಾಯಸಾ ಈ ಕಡೆ ದಾಟಸು."

ಗುತ್ತಿಗೆ ಬೇರೆಯವರಿಗೆ ಹೋದ ಮೇಲೆ ಅಡಿವೆಪ್ಪ ಮತ್ತೆ ಅದೇ ಬೀದಿಗಳಿಗೆ ಬಂದಿದ್ದಾರೆ. ಇನ್ನೂ ಯಾಕೆ ದುಡಿಯುತ್ತೀರಿ ಎಂದರೆ, "ನನಗ ರೊಕ್ಕ ಬಂತಂದ್ರ ಈ ಅಜ್ಜಾರ ಹಸಿವಿ ನಿಂದರತದೇನ್ರಿ?" ಎನ್ನುತ್ತಾರೆ.

ಮುರುಗೆಪ್ಪನವರ ಬಾಗಿಲು ತೆರೆಯುತ್ತದೆ. "ಬದುಕೀನೋ ಇಲ್ಲೋ ನೋಡಾಕ ಬಂದೀಯೇನೋ?"

"ಹೂಂ ಅಜ್ಜಾ. ಒಂದು ತುತ್ತು ಉಂಡು ತೋರಸು."

ಮುದುಕರು ನಗುತ್ತ ಉಣ್ಣುತ್ತಾರೆ. ವ್ಯಾನಿಗೆ ಮರಳುವಾಗ ಅಡಿವೆಪ್ಪ ತಮ್ಮ ಆಸೆ ಹೇಳುತ್ತಾರೆ: "ಮುಂದ ಈ ತಟ್ಟಿ ನನಗೂ ಬರತದ್ರಿ. ನಾ ಸತ್ತ ದಿನಾನ ನನ್ನ ಹೆಸರು ತಗದು ಬಾಜೂ ಮನಿಯವರಿಗೆ ಕೊಡಬೇಕು. ನನ್ನ ಎಡಿ ಕಲಾ ಮನ್ಯಾಗ ಇಡತಾಳ."