ರಾಮದುರ್ಗದ ಟೈಪಿಂಗ್ ಕ್ಲಾಸಿಗೆ ಮೂರು ದಿನ

ಸೋಮವಾರ ಬೆಳಿಗ್ಗೆ ಬೈಲಹೊಂಗಲದಿಂದ ಕಿತ್ತೂರಿಗೆ ಹೊರಟಾಗ ಚಳಿ ಜೋರಾಗಿತ್ತು. ಬಸ್ಸು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳಿದ್ದರಿಂದ ಮುಕ್ಕಾಲು ತಾಸಿನ ದಾರಿಗೆ ಒಂದೂಕಾಲು ತಾಸು ಹಿಡಿಯಿತು. ಹೆಂಗಸರಿಗೆ ಟಿಕೀಟು ಪುಕ್ಕಟೆ. ಆಧಾರ್ ಕಾರ್ಡು ತೋರಿಸಿ, ಸೊನ್ನೆ ರೂಪಾಯಿಯ ಚೀಟಿ ಪಡೆದು ಕಿಟಕಿಯ ಪಕ್ಕ ಕುಳಿತೆ. ನಾನು ಬೈಲಹೊಂಗಲದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವಳು. ಮೂರು ದಿನ ರಜೆ ಹಾಕಿದ್ದು ರಾಮದುರ್ಗದ ನೀಲಗಂಗಕ್ಕನಿಗಾಗಿ.

ನೀಲಗಂಗಕ್ಕ ನನಗೆ ಟೈಪಿಂಗ್ ಕಲಿಸಿದವರು. ಅವರ ಕ್ಲಾಸಿನಲ್ಲಿ ಒಂದೇ ಒಂದು ಅಕ್ಷರ ತಪ್ಪಿದರೂ ಹಿಂದಿನಿಂದ ಅವರ ಕೈ ಬಂದು ಹಾಳೆಯನ್ನು ಸರ್ರನೆ ಎಳೆದುಬಿಡುತ್ತಿತ್ತು. ಮತ್ತೆ ಮೊದಲ ಸಾಲಿನಿಂದ ಶುರು. ಆ ಸದ್ದು ನೆನಪಾದರೆ ಇವತ್ತಿಗೂ ನನ್ನ ಬೆನ್ನು ನೆಟ್ಟಗಾಗುತ್ತದೆ. ಅವರ ಕೈಕೆಳಗೆ ಕಲಿತವರು ಪರೀಕ್ಷೆಯಲ್ಲಿ ಫೇಲಾದದ್ದು ಕಡಿಮೆ, ಅದೂ ನಿಜ. ಈಗ ಟೈಪ್‌ರೈಟರ್ ಕಲಿಯಲು ಯಾರೂ ಬರುವುದಿಲ್ಲ. ಹಾಗಾಗಿ ಅವರು ಮುಚ್ಚಿಹೋದ ಅಂಗಡಿಯೊಂದರಿಂದ ಆರು ಕಂಪ್ಯೂಟರ್ ತಂದು, ಬೋರ್ಡು ಬದಲಾಯಿಸಿದ್ದರು. ಎರಡು ಸಲ ಜನ ಸೇರಿದರು. ಎರಡೂ ಸಲ ಮರುದಿನ ಒಬ್ಬರೂ ತಿರುಗಿ ಬರಲಿಲ್ಲ.

"ಮೂರನೇ ಸಲ ಆರು ಮಂದಿ ಹೆಸರು ಹಚ್ಚ್ಯಾರ," ಎಂದಿದ್ದರು ಫೋನಿನಲ್ಲಿ. "ಇವರೂ ಮರುದಿನ ಬರಲಿಲ್ಲಂದ್ರ ಬೋರ್ಡ್ ಇಳಸ್ತೇನಿ. ನೀ ಬಂದು ಒಂದು ಪಾಠ ಕಟ್ಟಿಕೊಡು."

ಕಿತ್ತೂರಿಗೆ ಹೋದದ್ದು ಪಾಠ ಕದಿಯಲಿಕ್ಕೆ. ಅಲ್ಲಿ ನನ್ನ ಗೆಳತಿ ವಿಜಯಾ ನಡೆಸುವ ಕ್ಲಾಸಿಗೆ ಒಳ್ಳೆಯ ಹೆಸರಿದೆ. ಅವಳದನ್ನೇ ಎತ್ತಿಕೊಂಡು ಹೋದರಾಯಿತು ಎಂದುಕೊಂಡಿದ್ದೆ. ನಾನು ಹೋದಾಗ ಇಪ್ಪತ್ತು ಮಂದಿ ಕಂಪ್ಯೂಟರಿನ ಭಾಗಗಳ ಚಿತ್ರ ಬಿಡಿಸಿ ಹೆಸರು ಬರೆಯುತ್ತಿದ್ದರು. ಚಿತ್ರಗಳು ಅಂದವಾಗಿದ್ದವು. ಮುಂದಿನ ಬೆಂಚಿನ ಹುಡುಗಿಯನ್ನು, ಕಲಿತು ಏನು ಮಾಡಬೇಕೆಂದಿದ್ದೀ ಎಂದು ಕೇಳಿದೆ. ಅಪ್ಪನ ಕಿರಾಣಿ ಅಂಗಡಿಯ ಸಾಮಾನಿನ ಪಟ್ಟಿ ಮಾಡಬೇಕು ಎಂದಳು. ಕ್ಲಾಸಿಗೆ ಸೇರಿ ಎರಡು ತಿಂಗಳಾಗಿತ್ತಂತೆ; ಪಟ್ಟಿ ಇನ್ನೂ ಶುರುವಾಗಿರಲಿಲ್ಲ.

ವಿಜಯಾ ಗಿರಮಿಟ್ಟು, ಮಿರ್ಚಿ ಭಜಿ ತಿನ್ನಿಸಿ ಕಳಿಸಿದಳು. ಅವಳನ್ನು ಆಡಿಕೊಳ್ಳುವ ಧೈರ್ಯ ನನಗಿರಲಿಲ್ಲ, ಯಾಕೆಂದರೆ ನನ್ನ ಚೀಲದಲ್ಲಿದ್ದ ಪಾಠದ ಮೊದಲ ಪುಟವೂ ಕಂಪ್ಯೂಟರಿನ ಭಾಗಗಳೇ. ವಾಪಸು ಬರುವಾಗ ಬಸ್ಸಿನಲ್ಲಿ ಆ ಪುಟ ಹರಿದೆ. ನೀಲಗಂಗಕ್ಕನಿಗೆ ಫೋನ್ ಮಾಡಿ, ನಾಳೆ ಬರುವಾಗ ಪ್ರತಿಯೊಬ್ಬರೂ ತಮಗೆ ಟೈಪ್ ಆಗಬೇಕಾದ ಒಂದು ಕಾಗದ ತರಲಿ ಎಂದು ಹೇಳಿದೆ. ಅದೇ ಪಾಠ, ಅದೇ ನನ್ನ ಮೊದಲ ನಿಯಮ.

ಮಂಗಳವಾರ ಯಲ್ಲಮ್ಮನ ವಾರ ಎಂಬುದನ್ನು ಮರೆತಿದ್ದೆ. ಸವದತ್ತಿಯವರೆಗೆ ಒಂದು ಕಾಲಿನ ಮೇಲೆ ನಿಂತೆ. ಇನ್ನೊಂದು ಕಾಲು ಯಾರದೋ ಬುಟ್ಟಿಯ ಹಿಂದೆ ಸಿಕ್ಕಿಕೊಂಡಿತ್ತು. ಇಳಿಯುವಷ್ಟರಲ್ಲಿ ನನ್ನ ಬಿಳಿ ಓಢಣಿ ಭಕ್ತರು ಎರಚಿದ ಭಂಡಾರದ ಅರಿಶಿನದಿಂದ ಅರ್ಧ ಹಳದಿಯಾಗಿತ್ತು. ಚಹಾ ಕುಡಿದು ರಾಮದುರ್ಗದ ಬಸ್ಸು ಹತ್ತಿದರೆ ಅದೂ ತುಂಬಿತ್ತು.

ಆ ಬಸ್ಸಿನಲ್ಲಿ ಹಳೆಯ ಕಂಡಕ್ಟರೊಬ್ಬರು ಹೊಸಬನಿಗೆ ಟಿಕೀಟು ಕೊಡುವ ಮಷೀನು ಕಲಿಸುತ್ತಿದ್ದರು. ಮಷೀನು ಹೊಸಬನ ಕೈಯಲ್ಲಿತ್ತು. ಹಿರಿಯರು ಎರಡೂ ಕೈಯಿಂದ ಮೇಲಿನ ಸರಳು ಹಿಡಿದಿದ್ದರು. ಬಿಟ್ಟರೆ ಜನರ ಮೇಲೆ ಬೀಳುತ್ತಿದ್ದರು. ಬಾಯಲ್ಲಷ್ಟೇ ಹೇಳುತ್ತಿದ್ದರು. ಹೊಸಬ ಎರಡು ಸಲ ತಪ್ಪು ಊರಿನ ಟಿಕೀಟು ತೆಗೆದ, ಮೂರನೆಯದಕ್ಕೆ ಸರಿಹೋಯಿತು. ಅರ್ಧ ದಾರಿ ಕಳೆಯುವುದರೊಳಗೆ ಅವನು ಕೇಳುವುದನ್ನೇ ಬಿಟ್ಟಿದ್ದ. ಎರಡೂ ಕಡೆ ಕಡಲೆ ಹೊಲ, ಮೇಲೆ ಚುರುಕು ಬಿಸಿಲು. ನಾನು ಪುಸ್ತಕ ತೆಗೆದು ಎರಡನೆಯ ನಿಯಮ ಬರೆದುಕೊಂಡೆ: ಕಲಿಸುವವರು ಮೌಸ್ ಮುಟ್ಟಬಾರದು.

ಮಧ್ಯಾಹ್ನ ನೀಲಗಂಗಕ್ಕ ಕಟಿರೊಟ್ಟಿ, ಎಣ್ಣೆಗಾಯಿ ಬಡಿಸಿ ನನ್ನ ಎರಡೂ ನಿಯಮ ಕೇಳಿದರು. ಮೊದಲನೆಯದಕ್ಕೆ ತಲೆಯಾಡಿಸಿದರು. ಎರಡನೆಯದಕ್ಕೆ, ಕೈ ಹಚ್ಚದಿದ್ದರೆ ತಾವಾದರೂ ಯಾಕೆ ಬೇಕು ಎಂದರು. ಕಂಡಕ್ಟರನ ಕಥೆ ಹೇಳಿದೆ. ಆಗಲಿ ಎಂದು ಒಪ್ಪಿದರು.

ಮೂರಕ್ಕೆ ಆರೂ ಮಂದಿ ಬಂದರು, ಆರೂ ಮಂದಿಯ ಕೈಯಲ್ಲಿ ಕಾಗದವಿತ್ತು. ಸುರೇಬಾನದ ಕಾಶವ್ವ ತಂದದ್ದು ಒಂದು ಅರ್ಜಿ. ಸಂಜೆಯ ಬಸ್ಸು ತಮ್ಮ ಓಣಿಯ ತಿರುವಿನಲ್ಲಿ ನಿಲ್ಲಬೇಕು, ಕಾಲೇಜಿನಿಂದ ಬರುವ ಹುಡುಗಿಯರು ಕತ್ತಲಲ್ಲಿ ಹಿಂದಕ್ಕೆ ನಡೆದು ಬರಬೇಕಾಗಿದೆ ಎಂದು ಅದರಲ್ಲಿತ್ತು. ಕಾಶವ್ವ ಹೊಲಿಗೆ ಕೆಲಸದವಳು, ನಲವತ್ತರ ಆಸುಪಾಸು. ಆ ಕಾಲೇಜು ಹುಡುಗಿಯರಲ್ಲಿ ಅವಳ ಮಗಳೂ ಒಬ್ಬಳು; ಮಗಳು ಮೊಬೈಲಿನಲ್ಲಿ ಮಾಡಿಕೊಡುವುದಿಲ್ಲವೇ ಎಂದು ಕೇಳಿದೆ.

"ಮಾಡ್ತಾಳ್ರಿ. ಕೇಳಿದಾಗೊಮ್ಮೆ ಆಮ್ಯಾಲೆ ಅಂತಾಳ. ಅದಕ್ಕ ನಾನ ಕಲಿಬೇಕಂತ ಬಂದೇನಿ."

ಹೊಲಿಗೆಯ ಕೈ ಆದದ್ದರಿಂದ ಬೆರಳು ನಿಧಾನವಾದರೂ ನಡುಗಲಿಲ್ಲ. ಮುಕ್ಕಾಲು ತಾಸಿನಲ್ಲಿ ಹನ್ನೊಂದು ಸಾಲು ಮುಗಿಸಿದಳು. ಕೊನೆಯ ಸಾಲಿನಲ್ಲಿ ಒಂದು ಅಕ್ಷರ ತಪ್ಪಿತು. ಆಗ ಹಿಂದಿನಿಂದ ಆ ಕೈ ಬಂತು. ನೀಲಗಂಗಕ್ಕ ಮೌಸ್ ಹಿಡಿದು ಮೇಲಿನ ಮೂಲೆ ಒತ್ತಿದರು. ಉಳಿಸಬೇಕೇ ಎಂದು ಕಂಪ್ಯೂಟರ್ ಕೇಳಿತು, ಬೇಡ ಎಂದು ಒತ್ತಿದರು. ಪರದೆ ಖಾಲಿಯಾಯಿತು. ಸರ್ರ್ ಎನ್ನುವ ಸದ್ದೊಂದು ಮಾತ್ರ ಕೇಳಲಿಲ್ಲ.

"ಮತ್ತ ಮೊದಲಿಂದ ಹೊಡಿ," ಎಂದರು.

ಕಾಶವ್ವ ಕೈಬರಹದ ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡು, ಚಹಾ ಕುಡಿಯದೆ ಹೋದಳು. ನನಗೆ ನಾಚಿಕೆಯಾಯಿತು. ಮೊದಲ ಸಾಲಿಗೇ ಕಡತ ಉಳಿಸುವುದನ್ನು ಹೇಳಿಕೊಡದೇ ಇದ್ದದ್ದು ನನ್ನ ಪಾಠದ ತೂತು. ಬರೀ ನೀಲಗಂಗಕ್ಕನನ್ನು ದೂರುವಂತಿರಲಿಲ್ಲ.

ಉಳಿದವರು ಹೋದ ಮೇಲೆ ಬೇಕೆಂದೇ ಒಂದು ಅಕ್ಷರ ತಪ್ಪು ಹೊಡೆದು, ಅಳಿಸಿ, ಸರಿ ಮಾಡಿ ನೀಲಗಂಗಕ್ಕನಿಗೆ ತೋರಿಸಿದೆ. ಅಳಿಸುವ ಕೀ ಅವರಿಗೂ ಗೊತ್ತಿತ್ತು. ಆದರೆ ತಪ್ಪಿದ ಹಾಳೆಯನ್ನೇ ಇಟ್ಟುಕೊಂಡು ಮುಂದುವರಿಯುವುದು ಅವರ ಪ್ರಕಾರ ಕಲಿಕೆಯೇ ಅಲ್ಲ. ತಪ್ಪು ಈಗ ಎಲ್ಲಿ ಹೋಯಿತು ಎಂದು ಕೇಳಿದರು. ಎಲ್ಲೂ ಇಲ್ಲ ಎಂದೆ. ಅವರು ಆ ಸಾಲನ್ನು ಕನ್ನಡಕ ಏರಿಸಿ, ಇಳಿಸಿ, ಎರಡು ಸಲ ಓದಿದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದರು, ಹಿಂದೆ ನಾನು.

ಸುರೇಬಾನದ ಬಸ್ಸು ಇನ್ನೂ ಬಂದಿರಲಿಲ್ಲ. ಕಾಶವ್ವ ಕಲ್ಲುಬೆಂಚಿನ ಮೇಲೆ ಕುಳಿತಿದ್ದಳು. ಅಕ್ಕ ಬಂದದ್ದು ಕಂಡು ಎದ್ದು ನಿಂತಳು.

"ಹಾಳಿ ಜಗ್ಗೂ ಚಟ ನನಗ," ಎಂದರು ನೀಲಗಂಗಕ್ಕ. "ನೀ ಬರೋಬ್ಬರಿ ಹೊಡದಿದ್ದಿ. ತಪ್ಪು ನಂದು. ನಾಳೆ ಬಾರವಾ."

"ನೋಡೂಣ್ರಿ ಅಕ್ಕಾರ," ಎಂದಳು ಕಾಶವ್ವ. ಬಸ್ಸು ಬಂತು, ಹತ್ತಿ ಹೋದಳು. ನಮ್ಮ ಕಡೆ ನೋಡೂಣ್ರಿ ಎಂದರೆ ಹೆಚ್ಚಾಗಿ ಬರುವುದಿಲ್ಲ ಎಂದೇ ಅರ್ಥ. ಅವಳು ಬರದಿದ್ದರೆ ಬೋರ್ಡ್ ಇಳಿಸುವುದೇ ಎಂದು ದಾರಿಯಲ್ಲಿ ನೀಲಗಂಗಕ್ಕ ಹೇಳಿದರು. ಉಳಿದ ಐವರು ಬಂದರೂ ಅಷ್ಟೇ, ತಮ್ಮ ಕೈ ಸುಮ್ಮನಿರುವುದಿಲ್ಲ ಎಂದಾದರೆ ಇನ್ನೊಬ್ಬರ ಕೆಲಸ ಹಾಳು ಮಾಡುತ್ತಾ ಕೂರುವುದು ಬೇಡ ಎಂದರು.

ಬುಧವಾರ ಒಂಬತ್ತೂವರೆಗೆ ಐವರು ಬಂದರು. ಮೊದಲು ಕಡತಕ್ಕೆ ಹೆಸರಿಟ್ಟು ಉಳಿಸುವುದನ್ನು ಅವರಿಂದಲೇ ಮಾಡಿಸಿದೆ. ಸುರೇಬಾನದ ಮೊದಲ ಬಸ್ಸು ಬಂದುಹೋದ ಸುದ್ದಿ ಬಂತು, ಕಾಶವ್ವ ಬರಲಿಲ್ಲ. ನೀಲಗಂಗಕ್ಕ ಬಾಗಿಲ ಬಳಿ ಒಂದು ಮೊರದ ತುಂಬ ಹಸಿ ಕಡಲೆಕಾಯಿ ಇಟ್ಟುಕೊಂಡು ಸುಲಿಯುತ್ತಿದ್ದರು. ಇವತ್ತೇ ಯಾಕೆ ಎಂದು ಕೇಳಿದೆ.

"ಆ ಕಂಡಕ್ಟರಗ ಕೈಯಾಗ ಹಿಡಕೊಳ್ಳಾಕ ಸರಳಾದ್ರೂ ಇತ್ತು," ಎಂದರು.

ನಾನು ಹತ್ತರ ಬಸ್ಸು ಹಿಡಿಯಲೇಬೇಕಿತ್ತು. ಕಾಲಿಗೆ ನಮಸ್ಕಾರ ಮಾಡಿ ಹೊರಟೆ. ಬಸ್ಸು ಬಿಟ್ಟದ್ದು ಹತ್ತೂಕಾಲಿಗೆ. ಊರು ದಾಟುವ ರಸ್ತೆ ಅವರ ಕ್ಲಾಸಿನ ಮುಂದೆಯೇ ಹಾದುಹೋಗುತ್ತದೆ. ಅಲ್ಲಿಗೆ ಬರುವಾಗ ಮುಂದೆ ಕಬ್ಬಿನ ಟ್ರ್ಯಾಕ್ಟರು ಅಡ್ಡವಾಗಿ ಬಸ್ಸು ನಿಂತಿತು. ಕಿಟಕಿಯಿಂದ ಮೆಟ್ಟಿಲ ಮೇಲಿನ ಚಪ್ಪಲಿ ಎಣಿಸಿದೆ. ಅಕ್ಕನವು ಬಿಟ್ಟು ಆರು ಜೋಡಿ ಇದ್ದವು.

ಕಾಶವ್ವ ನಿನ್ನೆಯ ಕುರ್ಚಿಯಲ್ಲೇ ಕುಳಿತಿದ್ದಳು. ಹಿಂದೆ ನೀಲಗಂಗಕ್ಕ, ಸೊಂಟಕ್ಕೆ ಮೊರ, ಬೆರಳ ತುಂಬ ಸಿಪ್ಪೆ. ಡ್ರೈವರು ಎಂಜಿನ್ ಬಂದ್ ಮಾಡಿದ್ದರಿಂದ ಮಾತು ಸ್ಪಷ್ಟವಾಗಿ ಕೇಳಿಸಿತು.

"ಒಂದು ಅಕ್ಷರ ತಪ್ಪಾತ್ರಿ ಅಕ್ಕಾರ."

"ಆಗ್ಲಿ. ಮುಂದ ಹೊಡಿ."